ಮೊದಲ ತುತ್ತಿಗೆ ಮುಚ್ಚುವ ಕಣ್ಣು

ರುಚಿ ನೋಡುವಾಗ ಮನುಷ್ಯ ಕಣ್ಣು ಯಾಕೆ ಮುಚ್ಚುತ್ತಾನೆ? ಬೇಕಾದ ನೆಂಟರು ಒಳಗೆ ಬಂದಮೇಲೆ ಬೀದಿ ಬಾಗಿಲು ಹಾಕಿಕೊಂಡಂತೆ ಇರಬೇಕು ಎಂದು ನನ್ನ ಅಂದಾಜು. ನಮ್ಮ ಕಚೇರಿಯಲ್ಲಿ ಅಮದಳ್ಳಿಯ ಒಬ್ಬರು ಮೀಟಿಂಗ್ ಶುರುವಾದೊಡನೆ ಕಣ್ಣು ಮುಚ್ಚುತ್ತಾರೆ. ಏಕಾಗ್ರತೆಯಂತೆ. ಗೊರಕೆ ಕೇಳುವವರೆಗೆ ನಾವೂ ನಂಬುತ್ತೇವೆ. ನನ್ನ ಕಣ್ಣುಗಳು ಮಾತ್ರ ಮೀನು ಸಾರಿನ ಮೊದಲ ತುತ್ತಿಗೆ ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ನನ್ನ ಹೆಂಡತಿ ಶಾಂತಿ ಸಾರು ಹೇಗಾಗಿದೆ ಎಂದು ಬಾಯಿ ಬಿಟ್ಟು ಕೇಳಿದವಳಲ್ಲ. ಮದುವೆಯಾದಂದಿನಿಂದ ನನ್ನ ರೆಪ್ಪೆ ನೋಡಿಯೇ ತಿಳಿದುಕೊಳ್ಳುತ್ತಿದ್ದಳು.

ಹೀಗಿರುವಾಗ ಕಳೆದ ತಿಂಗಳು, ಕಣ್ಣು ಮುಚ್ಚಿದ್ದಾಗಲೇ, ತಾರ್ಲೆ ಮೀನಿನ ಮುಳ್ಳೊಂದು ಗಂಟಲಲ್ಲಿ ಅಡ್ಡ ನಿಂತಿತು. ಅನ್ನದ ಉಂಡೆ, ಬಾಳೆಹಣ್ಣು, ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಡಾಕ್ಟರು ಚಿಮಟ ಹಾಕಿ ಎಳೆದರು. ಅಂದಿನಿಂದ ಊಟಕ್ಕೆ ಕುಳಿತರೆ, ಹಗಲಲ್ಲೂ ದೀಪ ಹಾಕಿಸಿ, ಕನ್ನಡಕ ಏರಿಸಿ, ತುತ್ತನ್ನು ಬೆರಳಲ್ಲಿ ಹಿಸುಕಿ ನೋಡಿಯೇ ಬಾಯಿಗಿಡುತ್ತೇನೆ. ಕಣ್ಣು ಮುಚ್ಚುವ ಮಾತೇ ಇಲ್ಲ. ಕಾರಣ ಶಾಂತಿಗೆ ಗೊತ್ತು. ಆದರೂ ಅವಳ ಮುಖ ದಿನದಿಂದ ದಿನಕ್ಕೆ ಸಣ್ಣದಾಯಿತು.

ಅಷ್ಟರಲ್ಲಿ ಅಂಕೋಲೆಯಿಂದ ಅತ್ತೆ ಬರುವ ಸುದ್ದಿ ಬಂತು. ಮೀನು ಮಾರಿ ಮಗಳನ್ನು ಬೆಳೆಸಿದವರು. ನಮ್ಮ ಕಾರವಾರದ ಮೀನನ್ನು ನಂಬದೆ, ಬಂಗಡೆಯನ್ನು ತಾವೇ ಹೆಚ್ಚಿ, ಉಪ್ಪು ಸವರಿ, ಡಬ್ಬಿಯಲ್ಲಿ ಹೊತ್ತು ತರುವವರು. ಅಳಿಯನ ಕಣ್ಣಿನ ವಿಷಯ ಅವರಿಗೂ ಗೊತ್ತು.

“ಆಯಿ ಇದ್ದಾಗ ಒಂದ್ಸಲ ಮುಚ್ಚಿ,” ಎಂದಳು ಶಾಂತಿ. “ಇಲ್ದಿದ್ರೆ ನನ್ನ ಕೈಗುಣ ಹೋಯ್ತು ಅಂತಾಳೆ. ಮುಳ್ಳು ನಾನೇ ತೆಗೆದು ಕೊಡ್ತೆ.”

ಊಟದ ಹೊತ್ತಿಗೆ ಅತ್ತೆ ಎದುರಿಗೇ ಕುಳಿತರು. ಅವರು ತಂದ ಬಂಗಡೆಯ ಸಾರು ಬಡಿಸಿ ಶಾಂತಿ ಸೌಟು ಹಿಡಿದು ನಿಂತಳು. ಇಬ್ಬರ ದೃಷ್ಟಿಯೂ ನನ್ನ ರೆಪ್ಪೆಗಳ ಮೇಲೆ. ತುತ್ತು ಬಾಯಿಗಿಟ್ಟೆ. ನನ್ನ ಗಮನವೆಲ್ಲ ಗಂಟಲಲ್ಲಿತ್ತು; ನಾಲಿಗೆ ಏನೋ ಹೇಳಿತು, ನಾನು ಕೇಳಿಸಿಕೊಳ್ಳಲಿಲ್ಲ. ಕಣ್ಣು ಮುಚ್ಚಿದೆ. ಯಾರೂ ಕೇಳಿರದಿದ್ದರೂ ತಲೆಯನ್ನೂ ಸ್ವಲ್ಪ ತೂಗಿದೆ.

ಅತ್ತೆ ಸಮಾಧಾನದಿಂದ ತಾವೂ ಒಂದು ತುತ್ತು ಬಾಯಿಗಿಟ್ಟರು. ಅಗಿಯುವುದು ಅರ್ಧಕ್ಕೇ ನಿಂತಿತು.

“ಶಾಂತೀ, ಸಾರಿಗೆ ಉಪ್ಪು ಹಾಕಿದ್ಯೇನೇ?”

“ನೀ ಸವರಿ ತಂದಿದ್ದೆ ಅಲ್ವೆ ಆಯಿ? ಹೆಚ್ಚಾದೀತು ಅಂತ ಹಾಕ್ಲೇ ಇಲ್ಲ.”

“ಅದನ್ನ ತೊಳೆದು ತೊಳೆದು ಚರಂಡಿಗೆ ಬಿಟ್ಯಲ್ಲೇ!” ಎಂದವರು ನನ್ನ ಕಡೆ ತಿರುಗಿದರು. “ಅಳಿಯಂದ್ರೆ, ನೀವು ಎಂತಕ್ಕೆ ಕಣ್ಣು ಮುಚ್ಚಿದ್ದು? ದೇವರ ಧ್ಯಾನವಾ?”

ನಾನು ನಕ್ಕೆ. ಶಾಂತಿ ನಗಲಿಲ್ಲ. ಉಪ್ಪಿನ ಡಬ್ಬಿ ತಂದು ನನ್ನ ತಟ್ಟೆಯ ಪಕ್ಕ ಇಟ್ಟು, ಮೆಲ್ಲಗೆ ಕೇಳಿದಳು: “ಇಷ್ಟು ವರ್ಷ ಮುಚ್ಚಿದ್ದೂ ಹಿಂಗೇಯಾ?”

ಅಲ್ಲವೆಂದು ಎಷ್ಟು ಸಲ ಹೇಳಿದೆನೋ. ಹೇಳಿದಷ್ಟೂ ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿಸಿತು.

ಮರುದಿನ ಅತ್ತೆ ಬಸ್ಸು ಹತ್ತಿದ ಮೇಲೆ ಶಾಂತಿ ಉಳಿದ ಬಂಗಡೆಗೆ ಹೊಸದಾಗಿ ಮಸಾಲೆ ಅರೆದಳು. ಬಡಿಸಿ, ನನ್ನ ಮುಖ ನೋಡದೆ ಕಿಟಕಿಯ ಕಡೆ ತಿರುಗಿ ನಿಂತಳು. ತುತ್ತು ಬಾಯಿಗಿಟ್ಟೆ. ಉಪ್ಪು, ಹುಳಿ, ಖಾರ ಒಟ್ಟಿಗೇ ಬಂದವು. ಮುಳ್ಳಿನ ಭಯ ಎಲ್ಲಿ ಹೋಯಿತೋ, ನನಗೆ ತಿಳಿಯುವ ಮೊದಲೇ ಕಣ್ಣುಗಳು ತಾವಾಗಿ ಮುಚ್ಚಿಕೊಂಡವು. ಆ ಕತ್ತಲೆಯಲ್ಲಿ ಹಾಯಾಗಿ ಕುಳಿತಿದ್ದಾಗ, ಯಾವಾಗ ಇತ್ತ ತಿರುಗಿದ್ದಳೋ, ಅವಳ ದನಿ ಕೇಳಿಸಿತು.

“ನಾಟ್ಕ ಸಾಕು. ಮುಳ್ಳು ನೋಡ್ಕಂಡು ತಿನ್ನಿ.”

ಕಣ್ಣು ತೆರೆದು, ಕನ್ನಡಕ ಹಾಕಿಕೊಂಡು, ಮುಳ್ಳು ಹುಡುಕತೊಡಗಿದೆ.