“ನಾನು” ಅಂದವಳನ್ನೇ ಬಡಿಯುತ್ತಿರುವ ಕಾವಲು ಪಡೆಯ ಕುರಿತು

ಇಂದ,
ಈ ದೇಹದ ಖಾಯಂ ನಿವಾಸಿ,
ಟಿಕೆಟ್ ಹರಿಯುವವಳು, ಬಾಲ್ಕನಿ ಬಾಗಿಲು, ಸಿನಿಮಾ ಥಿಯೇಟರ್.

ಗೆ,
ಮೇಲ್ವಿಚಾರಕ ಬಿಳಿ ರಕ್ತಕಣಗಳವರು,
ರೋಗನಿರೋಧಕ ಪಡೆ ನಿಯಂತ್ರಣ ಶಾಖೆ,
ಅದೇ ದೇಹ, ಒಳಗಡೆ.

ವಿಷಯ: ತಮ್ಮ ಹುಡುಗರು ಮನೆಯವಳನ್ನೇ ಕಳ್ಳಿ ಎಂದುಕೊಂಡಿರುವ ಬಗ್ಗೆ.
ಉಲ್ಲೇಖ: ಡಾಕ್ಟರಮ್ಮ ಔಷಧಿ ಚೀಟಿಯ ಹಿಂದೆ ಬಿಡಿಸಿ ತೋರಿಸಿದ ಚಿತ್ರ.

ನಿದ್ರಾನಿರತ ಮಾನ್ಯರೇ,

ತಮ್ಮ ಗಮನಕ್ಕೆ (ಇದ್ದರೆ) ತರುವುದೇನೆಂದರೆ,

೧. ತಾವೂ ನಾನೂ ಒಂದೇ ಕಸುಬಿನವರು, ಬಾಗಿಲು ಕಾಯುವವರು. ಎರಡು ವರ್ಷದಲ್ಲಿ ನಾನು ಥಿಯೇಟರ್ ಮಾಲೀಕರನ್ನು ಒಮ್ಮೆಯೂ ಕತ್ತು ಹಿಡಿದು ಹೊರದಬ್ಬಿಲ್ಲ. ತಮ್ಮ ಹುಡುಗರು ಎದುರುಮನೆಯ ನೆಗಡಿಯನ್ನು ಟಿಕೆಟ್ ಇಲ್ಲದೆ ಒಳಗೆ ಬಿಟ್ಟು, ನನ್ನ ಕೀಲುಗಳ ಮೇಲೆ ಕ್ಲೈಮ್ಯಾಕ್ಸ್ ಫೈಟ್ ನಡೆಸಿದ್ದಾರೆ. ಬೇಲಿಯೇ ಎದ್ದು ಹೊಲ ಮೇಯುತ್ತಿದೆ. ತಡೆಯಬೇಕಾದ ತಾವು ಇಂಟರ್‌ವಲ್‌ಗೆ ಹೋದವರು ವಾಪಸ್ಸೇ ಬಂದಿಲ್ಲ.

೨. ಎ.ಸಿ. ಗಾಳಿಗೆ ನನ್ನ ಬೆರಳು ಮೊದಲು ಬಿಳಿ, ಆಮೇಲೆ ನೀಲಿ, ಕೊನೆಗೆ ಕೆಂಪು. ಮ್ಯಾನೇಜರ್ ನೋಡಿ, “ಏನಮ್ಮಾ, ಕಲರ್ ಪಿಕ್ಚರ್ ನಿನ್ ಕೈಯಲ್ಲೇ ಓಡ್ತಿದೆ!” ಎಂದರು. ಈ ಕಾರಣ, ಟಿಕೆಟ್ ನೆಟ್ಟಗೆ ಹರಿಯಲಾಗದು. ಆದ್ದರಿಂದ ಕ್ಯೂ ಬೈಯುತ್ತದೆ.

೩. ಹೋದ ವರ್ಷ ಸುಳ್ಳು ಬ್ಯಾಂಡೇಜ್ ಸುತ್ತಿಕೊಂಡು ಅಮ್ಮನನ್ನು ಗೋಳಾಡಿಸಿದ್ದೆ (ತಪ್ಪೊಪ್ಪಿಗೆ). ಆ ಕಾರಣ, ಈ ಸಲ ಕೈನೋವು ಎಂದಾಗ, “ಸಾಕು ಕಣೇ ನಿನ್ ಆಕ್ಟಿಂಗು, ಪಾತ್ರೆ ತೊಳಿ” ಎಂದಳು. ಆರು ತಿಂಗಳು ತೊಳೆದೆ. ಕೆನ್ನೆಗೆ ಚಿಟ್ಟೆಯಾಕಾರದ ಕೆಂಪು ಬಂದಾಗ ಒದ್ದೆ ಬಟ್ಟೆಯಿಂದ ಉಜ್ಜಿ ನೋಡಿದಳು. ಬಣ್ಣ ಹೋಗಲಿಲ್ಲ. ಮರುದಿನವೇ ಆಸ್ಪತ್ರೆಗೆ ಎಳೆದೊಯ್ದಳು.

೪. ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸುವಾಗ ಅಮ್ಮ ಕೇಳಿದಳು: “ನಮ್ಮೊಳಗಿನವೇ ನಮ್ಮನ್ನ ಹೊಡೀತಾವಾ ಮೇಡಂ?”

“ಗುರುತು ಸಿಗಲ್ಲಮ್ಮಾ ಅವಕ್ಕೆ. ಹೊಡೆಯೋರು ಜಾಸ್ತಿ, ಬಿಡಿಸೋರು ಕಮ್ಮಿ. ಕಿಡ್ನಿಗೂ ಕೈ ಹಾಕಿದಾವಾ ಅಂತ ಸೋಮವಾರದ ರಿಪೋರ್ಟಲ್ಲಿ ಗೊತ್ತಾಗುತ್ತೆ.”

೫. ನಮ್ಮ ಮನೆಯ ಬಾಗಿಲು ತಟ್ಟಿದರೆ ಅಮ್ಮ “ಯಾರು?” ಎನ್ನುತ್ತಾಳೆ. “ನಾನು” ಎಂದರೆ ಸಾಕು, ಚಿಲಕ ತೆಗೆಯುತ್ತಾಳೆ. ಪೊಲೀಸ್ ದನಿಯಲ್ಲಿ “ನಾನು” ಎಂದರೂ ತೆಗೆಯುತ್ತಾಳೆ, ಪೊರಕೆ ಸಮೇತ. ಇಷ್ಟು ವಿದ್ಯೆ ತಮ್ಮ ಇಡೀ ಇಲಾಖೆಗಿಲ್ಲ.

ಆದ್ದರಿಂದ, ಕಿಡ್ನಿಯ ಕಡೆ ಹೊರಟಿರಬಹುದಾದ ಪಡೆಯನ್ನು ಸೋಮವಾರದೊಳಗೆ ವಾಪಸ್ ಕರೆಸಬೇಕು. ಕೈ ಎತ್ತುವ ಮೊದಲು ಅವರಿಂದ ಒಮ್ಮೆ “ಯಾರು?” ಎಂದು ಕೇಳಿಸಬೇಕು. ಉತ್ತರ ಬಂದರೆ ನಂಬತಕ್ಕದ್ದು. ಈ ಸಲ ಆಕ್ಟಿಂಗ್ ಅಲ್ಲ.

ತಮ್ಮ ಮೇಲೆ ಚೂರೂ ವಿಶ್ವಾಸವಿಲ್ಲದ, ಬೇರೆ ಗತಿಯೂ ಇಲ್ಲದ
ತಮ್ಮ ವಿಶ್ವಾಸಿ,
ನಾನು

ಲಗತ್ತುಗಳು:
೧. ಸೊಟ್ಟಗೆ ಹರಿದ ಟಿಕೆಟ್, ಒಂದು.
೨. ಒದ್ದೆ ಬಟ್ಟೆ, ಒಂದು (ಅಮ್ಮ ಇನ್ನೂ ಕೈಯಿಂದ ಬಿಟ್ಟಿಲ್ಲ, ಬಿಟ್ಟ ಮೇಲೆ ಸಲ್ಲಿಸಲಾಗುವುದು).

ವಿ.ಸೂ.: ಅರ್ಜಿ ತಲುಪಿದ್ದನ್ನು ದಯವಿಟ್ಟು ಮಂಡಿನೋವಿನ ಮೂಲಕ ತಿಳಿಸಬಾರದಾಗಿ ವಿನಂತಿ.