ನಮ್ಮಲ್ಲಿ ಹೇನು ಸಿಗುತ್ತದೆ?

ಎಲ್ಲ ರಗಳೆಗೂ ಕಾರಣ ಒಂದೇ ಒಂದು ಅಕ್ಷರ. ಅದೂ ನಾಲಿಗೆ ತಿರುಚುವ ಒತ್ತಕ್ಷರವೇನಲ್ಲ, ಬಡಪಾಯಿ 'ಹ'. ಇರಬೇಕಾದ ಕಡೆ ಈ ಅಕ್ಷರ ಇಲ್ಲದಿದ್ದರೆ, ಇರಬಾರದ ಕಡೆ ಇದ್ದರೆ ಮೈಮೇಲೆ ಬಿಸಿನೀರು ಬಿದ್ದವನಂತೆ ಕುಣಿಯುತ್ತಿದ್ದ ಮನುಷ್ಯನೇ ಅದನ್ನು ಕೈಯಾರೆ ತಪ್ಪು ಜಾಗದಲ್ಲಿ ಕೂರಿಸಿದ ಎಂದರೆ ಯಾರು ನಂಬುತ್ತಾರೆ? ನಂಬದಿದ್ದರೆ ಬೇಡ, ಕೇಳಿಯಾದರೂ ಕೇಳಿ.

ಆತನ ಕೆಲಸ ಮುದ್ರಣಾಲಯದಲ್ಲಿ ಕರಡು ತಿದ್ದುವುದು. ಕೆಲಸ ಮುಗಿದ ಮೇಲೂ ತಿದ್ದುತ್ತಿದ್ದ. ಮೆಟ್ಟಿಲ ಬಳಿಯ ನೋಟೀಸು, ಔಷಧಿ ಅಂಗಡಿಯ ಬೋರ್ಡು, ಎದುರು ನಿಂತು ಮಾತಾಡುವವರ ಬಾಯಿ, ಯಾವುದನ್ನೂ ಬಿಟ್ಟವನಲ್ಲ. ಒಮ್ಮೆ ಪಕ್ಕದ ಮನೆಯವನು ಅಳುತ್ತಾ ಬಂದು "ಅಪ್ಪ ಓಗ್ಬಿಟ್ರು" ಅಂದಾಗ, "ಓಗೋದಲ್ಲ, ಹೋಗೋದು" ಎಂದು ಹೇಳಿಯೇ ಈತ ಕಣ್ಣೊರೆಸಿಕೊಂಡಿದ್ದ. ಅಂದಿನಿಂದ ಕಟ್ಟಡದವರೆಲ್ಲ ಆತನಿಗೆ ಇಟ್ಟ ಹೆಸರು ತಿದ್ದುಪಡಿ.

ತಿದ್ದುಪಡಿಯ ಹೆಂಡತಿ ನೆಲಮಹಡಿಯ ಕೋಣೆಯೊಂದರಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಳು. ಎರಡು ಕುರ್ಚಿ, ಗೋಡೆಯಗಲದ ಒಂದು ಕನ್ನಡಿ, ಸದ್ದು ಮಾಡುವ ಒಂದು ಡ್ರೈಯರ್. ರಸ್ತೆಯಾಚೆ ಗಾಜಿನ ಬಾಗಿಲಿನ ದೊಡ್ಡ ಪಾರ್ಲರ್ ಬಂದ ಮೇಲೆ ಆ ಕುರ್ಚಿಗಳಲ್ಲಿ ಗಿರಾಕಿಗಳಿಗಿಂತ ಹೆಚ್ಚು ಹೊತ್ತು ಅವಳೇ ಕೂರುತ್ತಿದ್ದಳು. "ಹೀಗೇ ಆದ್ರೆ ಬಾಗಿಲು ಹಾಕೋದೇ ಸರಿ ರೀ" ಎಂದು ಒಂದು ದಿನ ಅಂದಳು. ಅಳಲಿಲ್ಲ. ಅಳದೆ ಅಂದದ್ದೇ ಗಂಡನಿಗೆ ಹೆಚ್ಚು ನಾಟಿತು.

ಅವಳ ತಮ್ಮನಿಗೆ ಕಂಪ್ಯೂಟರಿನಲ್ಲಿ ಕೆಲಸ. ಯಾರ್‍ಯಾರದೋ ಅಂಗಡಿಗೆ ಬ್ಲಾಗ್ ಬರೆಸಿ, ಜನ ಹುಡುಕಿದಾಗ ಅದೇ ಎಲ್ಲಕ್ಕಿಂತ ಮೇಲೆ ಕಾಣುವಂತೆ ಮಾಡುವುದು ಅವನ ಕಸುಬು. "ಭಾವ, ಅಕ್ಕನ ಪಾರ್ಲರ್ ಬಗ್ಗೆ ನೀವೇ ಬರೀರಿ, ಮೇಲಕ್ಕೆ ತರೋದು ನನಗಿರಲಿ" ಅಂದ. ತಿದ್ದುಪಡಿ ಬರೆದ. ಒಂದೇ ಒಂದು ತಪ್ಪಿರಲಿಲ್ಲ. ಒಬ್ಬರೂ ಓದಲಿಲ್ಲ.

"ಭಾವ, ನೀವು ಸರಿಯಾಗಿ ಬರೆದಿದ್ದೇ ತಪ್ಪಾಯ್ತು," ಅಂದ ಭಾಮೈದ. "ಜನ ಎಲ್ಲಿ ಸರಿಯಾಗಿ ಟೈಪ್ ಮಾಡ್ತಾರೆ? ಕೂದಲಿನ ಆರೈಕೆ ಅನ್ನಲ್ಲ, ಕೂದಲಿನ ಹಾರೈಕೆ ಅಂತ ಹುಡುಕ್ತಾರೆ. ಅವರು ಹೇಗೆ ತಪ್ಪು ಮಾಡ್ತಾರೋ ನೀವೂ ಹಾಗೇ ಮಾಡಿ, ಆಗ ನೋಡಿ."

"ಅದರ ಬದಲು ನನ್ನ ಕತ್ತು ಹಿಸುಕಿಬಿಡಪ್ಪ."

"ನಿಮ್ಮ ಕತ್ತು ಹಾಗಿರಲಿ, ಅಕ್ಕನ ಮುಖ ನೋಡಿ."

ತಿದ್ದುಪಡಿ ನೋಡಿದ. ನೋಡಿದ ಮೇಲೆ ಬೇರೆ ದಾರಿ ಉಳಿಯಲಿಲ್ಲ. ಹಲ್ಲು ಕಚ್ಚಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಕಂಡ ಕಂಡ ಕಡೆಗೆಲ್ಲ 'ಹ' ತಗುಲಿಸಿದ. ಆರೈಕೆ ಹಾರೈಕೆಯಾಯಿತು, ಎಣ್ಣೆ ಹೆಣ್ಣೆಯಾಯಿತು. ಬರೆದದ್ದನ್ನು ಮತ್ತೆ ಓದಲು ನಾಚಿಕೆಯಾಗಿ, ಜನ್ಮದಲ್ಲೇ ಮೊದಲ ಸಲ ಕರಡು ನೋಡದೆ ಭಾಮೈದನಿಗೆ ಕಳಿಸಿಬಿಟ್ಟ. ಪಾಪ, 'ಏನು' ಎಂಬ ಮಾತಿಗೆ ಹಕಾರ ಹತ್ತಿದರೆ ಏನಾಗುತ್ತದೆ ಎಂದು ಆತ ಯೋಚಿಸಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಮೆಟ್ಟಿಲಿನಲ್ಲಿ ಮೇಲ್ಮನೆಯಾಕೆ ಎದುರಾದಳು. ಈಕೆಯ ಬಾಯಲ್ಲಿ ಹಕಾರ ಕರೆಯದೇ ಬರುವ ನೆಂಟ. ತಿದ್ದಿ ತಿದ್ದಿ ತಿದ್ದುಪಡಿಗೆ ಸಾಕಾಗಿತ್ತು.

"ಹಲ್ಲಾ ಸಾರ್, ನಿಮ್ಮ ಪಾರ್ಲರಲ್ಲಿ ಹೇನು ಸಿಗತ್ತಂತೆ?"

"ಹೇನು ಅಲ್ಲಮ್ಮ, ಏನು. ಏನು ಸಿಗತ್ತೆ ಅಂತ ಕೇಳಬೇಕು. ಎಲ್ಲಾ ಸಿಗತ್ತೆ."

"ಹಯ್ಯೋ, ಈ ಸಲ ನಾನು ಸರಿಯಾಗೇ ಹೇಳ್ತಿದೀನಿ! ಹೇನೇ! ತಲೇಲಿ ಹರಿದಾಡೋ ಹೇನು! ಬೇಕಾದ್ರೆ ನೋಡಿ."

ಆಕೆ ಮೊಬೈಲನ್ನು ಆತನ ಮೂಗಿಗೇ ಹಿಡಿದಳು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ, ಅವನದೇ ಬ್ಲಾಗು. *ನಮ್ಮಲ್ಲಿ ಹೇನು ಸಿಗುತ್ತದೆ? ನಿಮ್ಮ ಕೂದಲಿಗೆ ಹೇನು ಬೇಕು? ಕೇಳಿ, ನಾವು ಹಾಕಿಕೊಡುತ್ತೇವೆ. ಮಕ್ಕಳ ತಲೆಗೆ ಹೇನು ಒಳ್ಳೆಯದು?*

ತಿದ್ದುಪಡಿಯ ಕಿವಿ ಕೆಂಪಾಯಿತು, ಕೆನ್ನೆ ಕೆಂಪಾಯಿತು, ಬೋಳು ತಲೆಯೂ ಕೆಂಪಾಯಿತು. ಮೆಟ್ಟಿಲು ಬಾಯ್ದೆರೆದು ನುಂಗಬಾರದೇ ಎನಿಸಿತು. ಕೆಳಗಿಳಿದರೆ ಹೆಂಡತಿ ನಗುಮುಖದಲ್ಲಿ ಬಾಗಿಲಲ್ಲೇ ನಿಂತಿದ್ದಾಳೆ.

"ರೀ, ನಾಟಕ ತಂಡದ ಯಜಮಾನಿ ಫೋನ್ ಮಾಡಿದ್ರು! ನಿಮ್ಮ ಬ್ಲಾಗ್ ನೋಡಿದ್ರಂತೆ. ಸಂಜೆ ಬರ್ತಾರೆ. ಒಪ್ಪಿಗೆಯಾದ್ರೆ ವರ್ಷವಿಡೀ ತಂಡದವರೆಲ್ಲರ ಕೆಲಸ ನಮಗೇ ಅಂತೆ. ಪಾರ್ಲರ್ ಉಳೀತು ಕಣ್ರೀ! ಇನ್ನೂ ಏನಂದ್ರು ಗೊತ್ತಾ..."

"ಪ್ರೆಸ್ಸಿಗೆ ಹೊತ್ತಾಯ್ತು!" ಎಂದು ತಿದ್ದುಪಡಿ ಓಟ ಕಿತ್ತ. ಅವಳಿಗೆ ಇನ್ನೂ ಗೊತ್ತಿಲ್ಲ, ಆ ಯಜಮಾನಿ ಸರಿಯಾಗಿ ಓದಿಲ್ಲ, ಇಬ್ಬರಿಗೂ ತಿಳಿಯುವ ಮೊದಲೇ ಇದನ್ನು ಅಳಿಸಬೇಕು ಎಂಬುದೊಂದೇ ಆತನ ತಲೆಯಲ್ಲಿತ್ತು.

ಪ್ರೆಸ್ಸಿನಲ್ಲಿ ಹೊಸ್ತಿಲು ದಾಟುವಷ್ಟರಲ್ಲಿ ಮಾಲೀಕರು, "ಬನ್ರೀ ತಿದ್ದುಪಡಿಯವರೇ, ಹೇನು ಸಮಾಚಾರ?" ಅಂದರು. ಯಂತ್ರದ ಸದ್ದನ್ನೂ ಮೀರಿ ನಗು ಎದ್ದಿತು. ಇಷ್ಟು ವರ್ಷ ಆತ ಕೆಂಪು ಮಸಿಯಲ್ಲಿ ಸುತ್ತು ಹಾಕಿದ ತಪ್ಪುಗಳ ಒಡೆಯರೆಲ್ಲ ಅಲ್ಲೇ ಇದ್ದರು. ಒಬ್ಬನಂತೂ ತನ್ನ ಮೊಬೈಲಿನ ತೆರೆಯ ಮೇಲೆ ಕೆಂಪು ಪೆನ್ನಿನಿಂದ ಸುತ್ತು ಹಾಕಿ ತಂದು ತೋರಿಸಿದ. ತಿದ್ದುಪಡಿ ತಲೆ ಎತ್ತಲಿಲ್ಲ. ಮೂಲೆಗೆ ಹೋಗಿ ಭಾಮೈದನಿಗೆ ಫೋನ್ ಹಚ್ಚಿದ.

"ಭಾವ, ಕೈ ಹಚ್ಚಬೇಡಿ! ಒಂದೇ ರಾತ್ರೀಲಿ ಮೊದಲನೇ ಜಾಗ! ನನ್ನ ಸರ್ವೀಸಲ್ಲೇ ಇಂಥದ್ದು ಕಂಡಿಲ್ಲ!"

"ನನ್ನ ಮಾನ ಹೋಗ್ತಿದೆ ಕಣೋ. ಈಗಿಂದೀಗಲೇ ಸರಿ ಮಾಡು."

"ಸರಿ ಮಾಡ್ತೀನಿ. ಆದ್ರೆ ಆ ಸರ್ಚ್ ಯಂತ್ರ ಮತ್ತೆ ಬಂದು ನೋಡೋವರೆಗೂ ಹಳೇದೇ ಕಾಣ್ಸುತ್ತೆ. ಜನ ಹುಡುಕಿ ಒತ್ತಿದಷ್ಟೂ ಗಟ್ಟಿಯಾಗಿ ಕೂರುತ್ತೆ. ಯಾರೂ ಹುಡುಕದ ಹಾಗೆ ನೋಡ್ಕೊಳ್ಳಿ."

ತಿದ್ದುಪಡಿ ಅರ್ಧ ದಿನ ರಜೆ ಹಾಕಿ ಮನೆಗೆ ಬಂದ. ಪಾರ್ಲರಿನ ಮುಂದೆ ಹಾಯಲು ಮುಖವಿಲ್ಲದೆ ಹಿಂಬಾಗಿಲಿನಿಂದ ನುಸುಳಿ, ಮೆಟ್ಟಿಲ ಬಳಿ ಒಂದು ನೋಟೀಸು ಅಂಟಿಸಿದ. *ನಮ್ಮ ಪಾರ್ಲರ್ ಹಾಗೂ ಹೇನು ಎಂದು ಯಾರೂ ಮೊಬೈಲಿನಲ್ಲಿ ಹುಡುಕಬಾರದೆಂದು ವಿನಂತಿ.* ಅಕ್ಷರ ದುಂಡಗೆ, ತಪ್ಪು ಒಂದೂ ಇಲ್ಲ. ವಿಷಯ ಗೊತ್ತಿಲ್ಲದೆ ನೆಮ್ಮದಿಯಾಗಿದ್ದವರೆಲ್ಲ ಅದನ್ನು ಓದಿ, ಅಲ್ಲೇ ನಿಂತು, ಮೊಬೈಲ್ ತೆಗೆದು ಹುಡುಕಿದರು. ಹುಡುಕಿ ತಮ್ಮ ತಮ್ಮ ನೆಂಟರಿಗೂ ಕಳಿಸಿದರು.

ಮೇಲ್ಮನೆಯಾಕೆ ಸಮಾಧಾನ ಹೇಳಲು ಬಂದಳು. "ಗಂಟೆಗೊಂದ್ಸಲ ನಾನೇ ಹುಡುಕಿ ನೋಡ್ತಾ ಹಿದೀನಿ ಸಾರ್. ಹಿನ್ನೂ ಹೋಗಿಲ್ಲ. ಹೋದ ತಕ್ಷಣ ಹೇಳ್ತೀನಿ."

ತಿದ್ದುಪಡಿ ಆಕೆಗೆ ಕೈ ಮುಗಿದ. ಏಕೆ ಮುಗಿದನೋ ಆಕೆಗೆ ತಿಳಿಯಲಿಲ್ಲ.

ಸಂಜೆಯಾಯಿತು. ಪಾರ್ಲರಿನ ಕಿಟಕಿಯಾಚೆ ಕಳ್ಳನಂತೆ ನಿಂತು ನೋಡಿದ. ಹೆಂಡತಿ ಕನ್ನಡಿ ಒರೆಸಿ ಫಳಫಳ ಮಾಡಿದ್ದಳು. ಮೇಜಿನ ಮೇಲೆ ಏನೇನನ್ನೋ ಜೋಡಿಸಿ ಬಿಳಿ ಬಟ್ಟೆ ಮುಚ್ಚಿದ್ದಳು. ಎಷ್ಟೋ ತಿಂಗಳ ಮೇಲೆ ಗುನುಗುತ್ತಿದ್ದಳು. ಅದನ್ನು ಕೇಳಿ ಆತ ಕಿಟಕಿಯಿಂದ ಇನ್ನಷ್ಟು ಹಿಂದೆ ಸರಿದ. ಇನ್ನೇನು ಆ ಯಜಮಾನಿ ಬರುತ್ತಾಳೆ, ಎಲ್ಲರೆದುರು ಛೀಮಾರಿ ಹಾಕುತ್ತಾಳೆ, ಈ ಗುನುಗು ನಿಂತೇ ಹೋಗುತ್ತದೆ. ತಪ್ಪು ತನ್ನದು, ಮರ್ಯಾದೆ ಅವಳದು.

ಯಜಮಾನಿ ಬಂದಳು. ಎತ್ತರದ ಹೆಂಗಸು, ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡಿದ್ದಳು. ಕುರ್ಚಿಯಲ್ಲಿ ಕೂತು ಮೆಲ್ಲಗೆ, "ನಿಮ್ಮ ಬ್ಲಾಗಲ್ಲಿ ಹೇನಿನ ವಿಷಯ ಬರೆದಿದೆಯಲ್ಲ..." ಎಂದು ಶುರು ಮಾಡಿದಳು.

ತಿದ್ದುಪಡಿಗೆ ತಡೆಯಲಾಗಲಿಲ್ಲ. ಬಾಗಿಲು ತಳ್ಳಿಕೊಂಡು ಒಳನುಗ್ಗಿದ.

"ತಪ್ಪು ನನ್ನದು ತಾಯೀ! ಅವಳದೇನೂ ಇಲ್ಲ! ಅದು ಹೇನಲ್ಲ, ಏನು. ಅಚ್ಚಿನ ತಪ್ಪು!"

"ರೀ, ಸುಮ್ನಿರಿ..." ಎಂದಳು ಹೆಂಡತಿ.

"ಸುಮ್ನಿರೋಕಾಗಲ್ಲ ಕಣೇ, ಸತ್ಯ ಹೇಳ್ಬೇಕು. ತಾಯೀ, ನಮ್ಮಲ್ಲಿ ಹೇನು ಅನ್ನೋ ಮಾತೇ ಇಲ್ಲ."

ಯಜಮಾನಿಯ ಮುಖ ಸಣ್ಣಗಾಯಿತು. "ಹಾಗಾದ್ರೆ ನೀವು ಹೇನು ತೆಗೆಯಲ್ವಾ?"

"ತೆಗೆಯೋದಾ? ಹೇನಿರೋ ಕೊಳಕರನ್ನ ಈ ಹೊಸ್ತಿಲು ಕೂಡ ತುಳಿಯೋಕೆ ಬಿಡಲ್ಲ!" ಎದೆಯುಬ್ಬಿಸಿ ಅಂದ ತಿದ್ದುಪಡಿ.

ಯಜಮಾನಿ ತಲೆಗೆ ಸುತ್ತಿದ ಬಟ್ಟೆಯನ್ನು ಇನ್ನಷ್ಟು ಬಿಗಿ ಮಾಡಿಕೊಂಡಳು. ಅವಳ ಕಣ್ಣು ತುಂಬಿತ್ತು.

"ನಾಟಕಕ್ಕೆ ಹಾಕೋ ಕೂದಲಿನ ಟೋಪನ್ ಒಬ್ಬರದ್ದು ಇನ್ನೊಬ್ಬರು ಹಾಕಿ ಹಾಕಿ ಇಡೀ ತಂಡದ ತಲೇಲಿ ಹೇನು. ನನ್ನ ತಲೇಲೂ. ಎದುರಿನ ಗಾಜಿನ ಬಾಗಿಲವರು ಒಳಗೇ ಬಿಡಲಿಲ್ಲ. ನಿಮ್ಮದೊಂದರಲ್ಲಿ ಮಾತ್ರ ತಮಾಷೆಯಾಗಿ, ಏನೂ ನಾಚಿಕೆಯಿಲ್ಲದೆ ಬರೆದಿದ್ರು. ಇವರು ನಮ್ಮನ್ನ ಹೀಯಾಳಿಸಲ್ಲ ಅನ್ಕೊಂಡೆ." ಅಷ್ಟು ಹೇಳಿ ಹೊರಟೇಹೋದಳು. ಹೆಂಡತಿ "ಅಮ್ಮಾ, ಒಂದ್ನಿಮಿಷ" ಎಂದು ರಸ್ತೆಯವರೆಗೆ ಓಡಿದಳು. ಆಕೆ ತಿರುಗಿ ನೋಡಲಿಲ್ಲ.

ಒಳಗೆ ಬಂದ ಹೆಂಡತಿ ಮೇಜಿನ ಮೇಲಿನ ಬಿಳಿ ಬಟ್ಟೆ ತೆಗೆದಳು. ಕೆಳಗೆ ಸಾಲಾಗಿ ಸಣ್ಣ ಹಲ್ಲಿನ ಹೊಸ ಸೀರಣಿಗೆಗಳು, ಹೇನಿನ ಔಷಧದ ಬಾಟಲಿಗಳು, ಮಡಿಸಿಟ್ಟ ಟವೆಲುಗಳು.

"ನಿನಗೆ... ಗೊತ್ತಿತ್ತಾ?"

"ಬೆಳಿಗ್ಗೇನೇ ಹೇಳೋಕೆ ಬಂದೆ, ಓಡಿಹೋದ್ರಿ. ಇಡೀ ಜನ್ಮದಲ್ಲಿ ಒಂದು ತಪ್ಪು ಮಾಡಿದ್ರಿ, ಅದರಿಂದ ನನಗೆ ಒಳ್ಳೇದಾಗೋದ್ರಲ್ಲಿತ್ತು. ಅದನ್ನೂ ತಿದ್ದಿಬಿಟ್ರಲ್ಲಾ!" ಎಂದು ಈಗ ಅತ್ತಳು.

ತಿದ್ದುಪಡಿ ಕನ್ನಡಿಯಲ್ಲಿ ತನ್ನ ಮುಖ ಕಾಣದಂತೆ ಎದುರು ಗೋಡೆಯ ಕಡೆ ತಿರುಗಿ ನಿಂತ. ಅಷ್ಟು ನಾಚಿಕೆ ಬೆಳಿಗ್ಗೆಯೂ ಆಗಿರಲಿಲ್ಲ.

ಗಲಾಟೆ ಕೇಳಿ ಮೇಲ್ಮನೆಯಾಕೆ ದಡದಡ ಇಳಿದು ಬಂದು ಬಾಗಿಲಲ್ಲಿ ಇಣುಕಿದಳು. "ಹೇನಾಯ್ತು ಸಾರ್?"

ಆತ ಅಭ್ಯಾಸಬಲದಿಂದ ಬಾಯಿ ತೆರೆದ. ಹೆಂಡತಿ ತಲೆಯೆತ್ತಿ ನೋಡಿದಳು.

"ಹೇನೂ ಇಲ್ಲಮ್ಮ," ಎಂದ ತಿದ್ದುಪಡಿ.