ಎರಡು ಡಿಸ್ಕಿನ ಪೆಟ್ಟಿಗೆಯೂ ಅಮ್ಮನ ಹಾಡೂ

ದೇವರ ಹತ್ತಿರ ದೊಡ್ಡದನ್ನು ಕೇಳುವ ಅಭ್ಯಾಸ ನನಗಿಲ್ಲ. ಪಾಪ, ಅವನಿಗೂ ನೂರೆಂಟು ಕೆಲಸವಿರುತ್ತದೆ. ಒಲೆ ಮೇಲಿಟ್ಟ ಹಾಲು ಉಕ್ಕುವ ಮೊದಲೇ ನೆನಪಾಯಿತೇ, ಒಂದು ನಮಸ್ಕಾರ. ಒಣಗಿದ ಬಟ್ಟೆ ಒಳಗೆ ತಂದ ಮೇಲೆ ಮಳೆ ಬಂತೇ, ಇನ್ನೊಂದು ನಮಸ್ಕಾರ. ಮೊನ್ನೆ ನಮ್ಮ ಮಿಕ್ಸಿ ಸುಟ್ಟುಹೋಯಿತು. ಚಟ್ನಿ ನುಣ್ಣಗಾದ ಮೇಲೆ ಸುಟ್ಟಿತಲ್ಲ ಎಂದು ದೇವರ ಮನೆಗೆ ಹೋಗಿ ಕೈ ಮುಗಿದು ಬಂದೆ. "ಮಿಕ್ಸಿ ಹೋದದ್ದಕ್ಕೂ ಮಂಗಳಾರತಿಯೇನೇ ಶಾರದಾ?" ಎಂದು ನಮ್ಮ ಯಜಮಾನರು ನಕ್ಕರು. ನಗಲಿ. ಅವರು ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತರು, ದಿನವೆಲ್ಲ ಕೊಬ್ಬರಿಯ ಮುಖ ನೋಡುವವರಿಗೆ ಮನೆಯಲ್ಲಾದರೂ ನಗು ಬರಲಿ. ಹೀಗೆ ಚಿಕ್ಕಪುಟ್ಟದ್ದರಲ್ಲೇ ತೃಪ್ತಿಯಾಗಿದ್ದವಳು ನೆಟ್‌ವರ್ಕ್ ಸ್ಟೋರೇಜ್ ಎಂಬ ಪೆಟ್ಟಿಗೆಯ ಸಹವಾಸಕ್ಕೆ ಬಿದ್ದದ್ದೇ ಒಂದು ಕಥೆ.

ಅದಕ್ಕೆ ಕಾರಣ ನನ್ನ ಫೋನಿನೊಳಗಿದ್ದ ಒಂದು ಹಾಡು. ನಮ್ಮಮ್ಮ ಮಾದಿಹಳ್ಳಿಯಲ್ಲಿ ಹಸು ಕರೆಯುವಾಗ ಗೌರಿಯ ಮೇಲಿನ ಒಂದು ಪದ ಹೇಳಿಕೊಳ್ಳುತ್ತಿದ್ದಳು. ಒಮ್ಮೆ ನಾನು ತವರಿಗೆ ಹೋದಾಗ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಅದನ್ನು ಫೋನಿನಲ್ಲಿ ಹಿಡಿದುಕೊಂಡಿದ್ದೆ. ಅಮ್ಮ ಈಗಿಲ್ಲ. ಆದರೆ ಬೆಳಗ್ಗೆ ಡಿಕಾಕ್ಷನ್ ಇಳಿಯುವ ಹೊತ್ತಿನಲ್ಲಿ ಆ ಹಾಡು ಹಾಕಿದರೆ ಸಾಕು, ನಮ್ಮ ಅಡುಗೆಮನೆಯ ಗೋಡೆಗಳೆಲ್ಲ ಮೆತ್ತಗೆ ಕರಗಿಬಿಡುತ್ತಿದ್ದವು. ಬಕೆಟ್ಟಿಗೆ ಹಾಲು ಬೀಳುವ ಸುಯ್ ಸುಯ್ ಸದ್ದು, ಕರುವಿನ ಕೊರಳ ಗಂಟೆ, ಗಂಜಲ ಬೆರೆತ ಹುಲ್ಲಿನ ವಾಸನೆ. ವಾಸನೆ ಫೋನಿನಿಂದ ಬರುವುದಿಲ್ಲ ಎಂದು ನನಗೂ ಗೊತ್ತು, ಆದರೆ ಬರುತ್ತಿತ್ತು. ಹಾಡಿನ ನಡುವೆ ಅಮ್ಮ ನನ್ನನ್ನೊಮ್ಮೆ ಗದರುತ್ತಾಳೆ: "ಆ ಫೋನು ಕೆಳಗಿಟ್ಟು ಕರು ಹಿಡ್ಕಳೇ!" ದಿನಾ ಬೆಳಗ್ಗೆ ಅಮ್ಮನ ಕೈಯಲ್ಲಿ ಬೈಸಿಕೊಂಡು ಕಾಫಿ ಬೆರೆಸುವ ಭಾಗ್ಯ ಎಷ್ಟು ಜನಕ್ಕಿದೆ ಹೇಳಿ?

ಇದ್ದಕ್ಕಿದ್ದಂತೆ ಆ ಫೋನಿನ ಹೊಟ್ಟೆ ಉಬ್ಬತೊಡಗಿತು. ಬ್ಯಾಟರಿ ಊದಿಕೊಂಡಿದೆ, ಯಾವತ್ತಾದರೂ ಕಣ್ಣು ಮುಚ್ಚುತ್ತದೆ ಎಂದಳು ಮಗಳು ಚೈತ್ರ. ಅವಳು ಹಾಸನದ ಕಾಲೇಜಿಗೆ ದಿನಾ ರೈಲಿನಲ್ಲಿ ಹೋಗಿಬರುವವಳು, ರೈಲಿನಲ್ಲಿ ಕೂತು ಲೋಕದ ವಿಷಯವೆಲ್ಲ ಓದುತ್ತಾಳೆ. ಮನೆಯ ವೈಫೈಗೆ ಒಂದು ಪೆಟ್ಟಿಗೆ ಜೋಡಿಸಿದರೆ ಎಲ್ಲರ ಫೋಟೋ, ಹಾಡು, ವಿಡಿಯೋ ಅದರಲ್ಲಿ ಕೂತಿರುತ್ತವಂತೆ. ಯಾರು ಬೇಕಾದರೂ ತಮ್ಮ ಫೋನಿನಲ್ಲೋ ಟೀವಿಯಲ್ಲೋ ನೋಡಬಹುದಂತೆ. "ತಿಂಗಳು ತಿಂಗಳು ದುಡ್ಡು ಕಟ್ಟಿ ಕಂಪನಿಯವರ ಹತ್ರಾನೂ ಇಡಬಹುದು" ಎಂದಳು. ನನಗೆ ಮನಸ್ಸು ಬರಲಿಲ್ಲ. ನಮ್ಮಮ್ಮ ಇದ್ದಾಗಲೇ ಯಾರ ಮನೆಯಲ್ಲೂ ಒಂದು ರಾತ್ರಿ ಉಳಿದವಳಲ್ಲ. ಈಗ ಅವಳ ದನಿಯನ್ನು ಗುರುತು ಪರಿಚಯವಿಲ್ಲದವರ ಮನೆಗೆ ಕಳಿಸುವುದೇ?

ಹಾಸನದ ಅಂಗಡಿಗೆ ಮೂವರೂ ಹೋದೆವು. ಒಂದೇ ಡಿಸ್ಕಿನದು, ಎರಡು ಡಿಸ್ಕಿನದು, ಇನ್ನೂ ಹೆಚ್ಚಿನದು, ಎಲ್ಲವೂ ಕಪ್ಪಗೆ, ಮುಖವಿಲ್ಲದೆ ಸಾಲಾಗಿ ಕೂತಿದ್ದವು. ಸೀರೆಯಾದರೆ ಅಂಚು ನೋಡಬಹುದು, ಪಾತ್ರೆಯಾದರೆ ಬಡಿದು ನೋಡಬಹುದು. ಇದರಲ್ಲಿ ಏನು ನೋಡುವುದು? ನಾನು ಹೀಗೆ ಯೋಚಿಸುತ್ತಿರುವಾಗಲೇ ನಮ್ಮ ಯಜಮಾನರು ಒಂದು ಪೆಟ್ಟಿಗೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು ಲೊಡಲೊಡ ಅಲ್ಲಾಡಿಸಿಯೇಬಿಟ್ಟರು. ನಮ್ಮ ಕಡೆ ಅಟ್ಟದ ಮೇಲಿಟ್ಟ ಕಾಯಿ ಉಂಡೆ ಕೊಬ್ಬರಿಯಾಯಿತೋ ಇಲ್ಲವೋ ನೋಡುವುದು ಹಾಗೆಯೇ, ಒಳಗೆ ಗಡಗಡ ಎಂದರೆ ಆಯಿತೆಂದು ಅರ್ಥ. ಮಂಡಿಯವರ ಕೈ, ಸುಮ್ಮನಿರಬೇಕಲ್ಲ.

"ಸಾರ್! ಸಾರ್! ಅಲ್ಲಾಡಿಸ್ಬೇಡಿ ಸಾರ್!" ಅಂಗಡಿಯವರು ಗಲ್ಲಾ ಬಿಟ್ಟು ಓಡಿಬಂದರು.

"ಸದ್ದು ಬರ್ತಿಲ್ವಲ್ರೀ. ಇನ್ನೂ ಬಲಿತಿಲ್ವಾ?" ಎಂದರು ಇವರು.

ಚೈತ್ರ ಕಂಬದ ಹಿಂದೆ ಹೋಗಿ ನಿಂತಳು. ಕೊನೆಗೆ ಅವಳ ಮಾತಿನಂತೆ ಎರಡು ಡಿಸ್ಕಿನದೇ ಆಯಿತು. "ಎರಡರಲ್ಲೂ ಒಂದೇ ಸಾಮಾನು ಇರುತ್ತಮ್ಮ. ಒಂದು ಡಿಸ್ಕ್ ಕೆಟ್ಟುಹೋದ್ರೂ ಇನ್ನೊಂದ್ರಲ್ಲಿ ಇದ್ದೇ ಇರುತ್ತೆ" ಎಂದಳು. ನನಗೆ ಆ ಕ್ಷಣವೇ ಅರ್ಥವಾಯಿತು. "ಉಪ್ಪಿನಕಾಯಿ ತರಾನಾ?" ಎಂದೆ. ಅಮ್ಮ ಹಾಗೆಯೇ ಮಾಡುತ್ತಿದ್ದಳಲ್ಲ, ದಿನಾ ಬಡಿಸುವುದಕ್ಕೆ ಕೆಳಗೊಂದು ಜಾಡಿ, ಬಾಯಿಗೆ ಬಟ್ಟೆ ಕಟ್ಟಿ ಅಟ್ಟಕ್ಕೇರಿಸಿದ್ದು ಇನ್ನೊಂದು. ಕೆಳಗಿನದು ಖಾಲಿಯಾದರೆ ಮೇಲಿನದು ಇಳಿಯುತ್ತದೆ. ಇಷ್ಟು ಸುಲಭದ ವಿಷಯಕ್ಕೆ ಜನ ಯಾಕೆ ಇಂಗ್ಲಿಷಿನಲ್ಲಿ ಒದ್ದಾಡುತ್ತಾರೋ!

ಪೆಟ್ಟಿಗೆ ಮನೆಗೆ ಬಂತು. ಅರಿಶಿನ ಕುಂಕುಮ ಇಟ್ಟು, ಗಾಳಿಯಾಡುವ ತೂತುಗಳನ್ನು ಬಿಟ್ಟು ಉಳಿದ ಜಾಗದಲ್ಲಿ ಹೂವನ್ನೂ ಇಟ್ಟೆ. ಅದು ಟೀವಿಯ ಪಕ್ಕ ಕೂತು ಸಣ್ಣಗೆ ಗುಂಯ್ ಎನ್ನುತ್ತಾ ಹಸಿರು ದೀಪ ಮಿಟುಕಿಸುತ್ತಿದ್ದರೆ, ಮನೆಯಲ್ಲಿ ಯಾರೋ ಹಿರಿಯರು ಮೂಲೆಯಲ್ಲಿ ಜಪ ಮಾಡುತ್ತಿದ್ದಾರೆ ಅನ್ನಿಸುತ್ತಿತ್ತು. ಎಲ್ಲರ ಫೋನಿನಲ್ಲಿದ್ದದ್ದೂ ತಾನಾಗಿಯೇ ಬಂದು ಅದರೊಳಗೆ ಸೇರಿತು. ಉಬ್ಬಿದ ಫೋನನ್ನು ಅಂಗಡಿಗೆ ಕೊಟ್ಟು ಹೊಸದು ತಂದದ್ದೂ ಆಯಿತು. ಅಮ್ಮನ ಹಾಡು ಟೀವಿಯಲ್ಲೇ ಬರತೊಡಗಿತು. ಕೂಡು ಕುಟುಂಬದ ಕಷ್ಟವೂ ಅದರ ಜೊತೆಗೇ ಬಂತೆನ್ನಿ. ಒಂದು ದಿನ ನಾನು ಟೀವಿಯಲ್ಲಿ ಅಷ್ಟೋತ್ತರ ಹಾಕಿಕೊಂಡು ಹೂವೇರಿಸುತ್ತಿದ್ದರೆ ನಡುವೆ ಇವರ ಮಂಡಿಯ ಹರಾಜಿನ ವಿಡಿಯೋ ನುಗ್ಗಿ, ದೇವಿಯ ಹೆಸರುಗಳ ಜಾಗದಲ್ಲಿ ಕೊಬ್ಬರಿ ರೇಟು ಕೂಗತೊಡಗಿತು. ನಾನು ನಾಲ್ಕು ರೇಟಿಗೂ ಹೂವು ಏರಿಸಿಬಿಟ್ಟೆ.

ಅದಕ್ಕೇ ಒಂದು ಗುರುವಾರ, ನಾಳೆ ಪೂಜೆ ಎಂದು ಮನೆಯೆಲ್ಲ ಗುಡಿಸುವಾಗ, ಪೆಟ್ಟಿಗೆಯನ್ನೂ ಒಂದು ಕೈ ನೋಡೋಣ ಎನ್ನಿಸಿತು. ಫೋನಿನಲ್ಲೇ ತೆರೆದು ನೋಡಿದರೆ ನನ್ನ ಹಳೆ ಫೋನಿನ ಗಂಟು ಒಂದು ಕಡೆ ಬಿದ್ದಿತ್ತು: ಯಾರ‍್ಯಾರೋ ಕಳಿಸಿದ ಶುಭೋದಯದ ಗುಲಾಬಿಗಳು, ಮಸುಕಾದ ಮದುವೆ ಫೋಟೋಗಳು, ನಡುವೆ ಅಮ್ಮನ ಹಾಡು. ಒಂದೊಂದನ್ನೇ ಆರಿಸುವಷ್ಟು ವ್ಯವಧಾನ ಯಾರಿಗಿದೆ? ಕೆಳಗಿನ ಜಾಡಿಯನ್ನು ಖಾಲಿ ಮಾಡಿ ತೊಳೆದಿಡೋಣ, ಮೇಲಿನ ಜಾಡಿಯಿಂದ ಬೇಕಾದ್ದನ್ನಷ್ಟೇ ತುಂಬಿಕೊಂಡರಾಯಿತು. ಅಳಿಸಲೇ ಎಂದು ಅದು ವಿನಯವಾಗಿಯೇ ಕೇಳಿತು. ದೇವರ ಹೆಸರು ಹೇಳಿ ಹೂಂ ಎಂದೆ.

ಸಂಜೆ ಚೈತ್ರ ಬಂದಳು. "ಮೇಲಿನ ಡಿಸ್ಕಿಂದ ಅಜ್ಜಿ ಹಾಡು ಸ್ವಲ್ಪ ಇಳಿಸಿಕೊಡೇ" ಎಂದೆ.

"ಮೇಲಿಂದು ಅಂದ್ರೆ?" ಎಂದವಳು ಫೋನಿನಲ್ಲಿ ಪೆಟ್ಟಿಗೆ ತೆರೆದು ಎರಡೆರಡು ಸಲ ಹುಡುಕಿದಳು. "ಅಮ್ಮಾ, ಅದು ಕನ್ನಡಿ ಇದ್ದ ಹಾಗೆ. ಹಣೇಲಿರೋ ಬೊಟ್ಟು ನೀನು ತೆಗೆದ್ರೆ ಕನ್ನಡೀಲಿ ಮಾತ್ರ ಉಳಿಯುತ್ತಾ?"

"ಹಂಗಂತ ಅವತ್ತೇ ಹೇಳೋಕೆ ಏನಾಗಿತ್ತು?"

"ಹೇಳೋಕೆ ಹೋದೆ. ನೀನು ಉಪ್ಪಿನಕಾಯಿ ಅಂದೆ!"

ಅಳಿಸಿದ್ದೆಲ್ಲ ಕಸದ ಬುಟ್ಟಿಯಲ್ಲಿ ಕೆಲವು ದಿನ ಉಳಿಯುವ ಏರ್ಪಾಟು ಅದರಲ್ಲಿ ಇದೆಯಂತೆ. ಚೈತ್ರ ಅದನ್ನು ಮಾಡಿರಲಿಲ್ಲ. ಇವರು ಅಂಗಡಿಗೆ ಫೋನು ಮಾಡಿದರು. ನನ್ನ ಹಳೆಯ ಫೋನು ಆಗಲೇ ಎಲ್ಲಿಗೋ ಹೋಗಿತ್ತು. ಮಾರನೆಯ ಬೆಳಗ್ಗೆ ಡಿಕಾಕ್ಷನ್ ಇಳಿಯುವ ಸದ್ದು ಅಷ್ಟು ಜೋರಾಗಿರುತ್ತದೆಂದು ನನಗೆ ಮೊದಲ ಸಲ ಗೊತ್ತಾಯಿತು. ನಮಸ್ಕಾರ ಹಾಕಲು ಏನಾದರೂ ಸಿಗುತ್ತದೆಯೇ ಎಂದು ಹುಡುಕಿದೆ. ಸಿಗಲಿಲ್ಲ. ಬರೀ ಕೈ ಮುಗಿದು ಎದ್ದುಬಂದೆ.

ಶನಿವಾರ ಜಾವಗಲ್ಲಿನ ಮೇಲೆ ಹೋಗುವ ಬಸ್ಸು ಹತ್ತಿ ಮಾದಿಹಳ್ಳಿಗೆ ಹೋದೆ. ಕಿಟಕಿ ಪಕ್ಕ ಸೀಟು ಸಿಕ್ಕಿತು, ಅದನ್ನೂ ಗಮನಿಸಲಿಲ್ಲ. ಅಣ್ಣ ಗದ್ದೆಗೆ ಹೋಗಿದ್ದ. ಸಾವಿತ್ರಿ ಅತ್ತಿಗೆ ಮುದ್ದೆ, ಸೊಪ್ಪಿನ ಸಾರು ಬಡಿಸಿ, "ಯಾಕೆ ಮುಖ ಹಂಗೈತೆ?" ಎಂದರು. ಬಸ್ಸಿನ ಸುಸ್ತು ಎಂದು ಹೇಳಿ ಕೈ ತೊಳೆದೆ. ಜಗಲಿಯ ಮೇಲೆ ಸೆರಗು ಹಾಸಿ ಮಲಗಿದೆ. ತೆಂಗಿನ ಗರಿಯ ನೆರಳು ಮುಖದ ಮೇಲೆ ಹೋಗಿ ಬಂದು ಮಾಡುತ್ತಿತ್ತು. ಎಲ್ಲೋ ಬಸ್ಸಿನ ಹಾರನ್ನು ಕರಗುತ್ತಾ ಹಳೇಬೀಡಿನ ಕಡೆ ಹೋಯಿತು. ನಿದ್ದೆಯೋ ಎಚ್ಚರವೋ ತಿಳಿಯದ ಆ ಸಂಜೆಯ ಹಳದಿ ಬೆಳಕಿನೊಳಗಿಂದ ಅಮ್ಮನ ದನಿ ತೇಲಿಬಂತು. ಅದೇ ಗೌರಿಯ ಪದ. ಅದೇ ಸುಯ್ ಸುಯ್. ಅದೇ ಗಂಟೆ. ಕಣ್ಣು ತೆರೆದರೆ ಒಡೆದುಹೋಗುವ ಕನಸೆಂದು ಗಟ್ಟಿಯಾಗಿ ಮುಚ್ಚಿಕೊಂಡೇ ಕೇಳಿದೆ.

"ಆ ಫೋನು ಕೆಳಗಿಟ್ಟು ಕರು ಹಿಡ್ಕಳೇ!"

"ಬಂದೆ ಕಣಮ್ಮಾ" ಎನ್ನುತ್ತಾ ಎದ್ದು, ಚಪ್ಪಲಿಯನ್ನೂ ಮೆಟ್ಟದೆ ಕೊಟ್ಟಿಗೆಗೆ ಓಡಿ ಕರುವಿನ ಕೊರಳ ಹಗ್ಗ ಹಿಡಿದು ನಿಂತುಬಿಟ್ಟೆ. ಅತ್ತಿಗೆ ಹಾಲು ಕರೆಯುವುದನ್ನು ನಿಲ್ಲಿಸದೆ ತಲೆಯೆತ್ತಿ ನೋಡಿದರು. ಗೂಟಕ್ಕೆ ದಾರ ಕಟ್ಟಿ ನೇತುಹಾಕಿದ ಹಳೇ ಫೋನೊಂದು, ಮೈಯೆಲ್ಲ ಸಗಣಿ ಮೆತ್ತಿಕೊಂಡು ಹಾಡುತ್ತಿತ್ತು.

"ಅತ್ತಿಗೇ, ಇದು..."

"ಇದು ತುಂಗಿ ಫೋನು ಕಣೆ" ಎಂದು ಹಸುವಿನ ಕಡೆ ಗಲ್ಲ ಚಾಚಿದರು. "ಅತ್ತೆ ಹೋದ್ಮೇಲೆ ಇವಳು ಹತ್ರ ಸೇರಿಸ್ಲಿಲ್ಲ. ಕುಂತರೆ ಒದಿಯಾಕೆ ಬರೋಳು. ನೀನು ಯಾವಾಗ್ಲೋ ಕಳ್ಸಿದ್ಯಲ್ಲ ಹಾಡು, ಒಂದಿನ ಅದ್ನ ಹಾಕ್ದೆ. ಕಿವಿ ನಿಮಿರಿಸ್ಕಂಡು ನಿಂತ್ಕಂಡ್ಲು ನೋಡು! ಈಗ ಹಾಡು ಮುಗಿಯೋದ್ರೊಳಗೆ ಕರ್ಕಬೇಕು. ತಡ ಆದ್ರೆ ಬಕೆಟ್ಟೇ ಹೋಯ್ತು."

ನಾನು ಅಲ್ಲೇ ಹುಲ್ಲಿನ ಮೇಲೆ ಕೂತು ಅಳುತ್ತಾ ನಗುತ್ತಾ ಎಲ್ಲ ಹೇಳಿದೆ. ಅತ್ತಿಗೆ ಕೆಚ್ಚಲಿಂದ ಕೈ ತೆಗೆಯಲಿಲ್ಲ. "ಎರಡೆರಡು ಡಬ್ಬ ಇಟ್ಕಂಡೂ ಕಳ್ಕಂಡ್ಯಾ? ನಮ್ಮ ತುಂಗಿಗಿರೋ ಜೋಪಾನ ನಿಂಗಿಲ್ವಲ್ಲೇ! ಸರಿ, ಬಂದಿದ್ದಕ್ಕೆ ಕರು ಬಿಡು, ಕುಡೀಲಿ."

ಭಾನುವಾರ ಚೈತ್ರ ಮಾದಿಹಳ್ಳಿಗೇ ವೈರು ತಂದು, ಮೂಗು ಮುಚ್ಚಿಕೊಂಡು ತುಂಗಿಯ ಫೋನಿನಿಂದ ಹಾಡು ಇಳಿಸಿಕೊಂಡಳು. ಕಸದ ಬುಟ್ಟಿಯ ಏರ್ಪಾಟೂ ಆಯಿತು. ಬೀರುವಿನಲ್ಲಿ ಬೀಗ ಹಾಕಿಡಲು ಬೇರೊಂದು ಡಿಸ್ಕೂ ಬಂತು. ಅದಕ್ಕೆ ನಾನೇ ಬಟ್ಟೆ ಕಟ್ಟಿಟ್ಟೆ. "ಬೇರೆ ಊರಲ್ಲಿ ಇನ್ನೊಂದು ಕಾಪಿ ಇದ್ರೆ ಸೇಫು" ಎಂದಳು ಮಗಳು. ಇದೆಯಲ್ಲ, ಗೂಟದಲ್ಲಿ. ಅದರ ಸಗಣಿಯನ್ನೂ ಒರೆಸಬೇಡಿ ಎಂದು ಅತ್ತಿಗೆಗೆ ಹೇಳಿ ಬಂದಿದ್ದೇನೆ.

ಮೊನ್ನೆ ಬೆಳಗ್ಗೆ ಕರೆಂಟು ಹೋಯಿತು. ಪೆಟ್ಟಿಗೆಯ ಹಸಿರು ದೀಪ ಆರಿತು, ಹಾಡು ಬರಲಿಲ್ಲ. ಹಾಲು ಒಲೆ ಮೇಲೇ ಇದೆ, ಡಿಕಾಕ್ಷನ್ನೂ ಇಳಿದಿದೆ, ನಾನು ಸೌಟು ಹಿಡಿದು ಸುಮ್ಮನೆ ನಿಂತಿದ್ದೇನೆ. ಕೈಯೇ ಆಡದು. ಇವರು ಎರಡು ಸಲ ಅಡುಗೆಮನೆಗೆ ಇಣುಕಿ ಹೋದರು. ಮೂರನೆಯ ಸಲ ಬಾಗಿಲಿಗೆ ಒರಗಿ ನಿಂತು, "ತುಂಗಿಗೂ ನಿನಗೂ ಏನು ವ್ಯತ್ಯಾಸ ಹೇಳು? ಅವಳು ಹಾಡಿಲ್ಲದೆ ಹಾಲು ಕೊಡಲ್ಲ, ನೀನು ಹಾಡಿಲ್ಲದೆ ಕಾಫಿ ಕೊಡಲ್ಲ" ಎಂದರು.

ಸಿಟ್ಟು ಬಂತು. ಆದರೆ ಯೋಚಿಸಿ ನೋಡಿದರೆ ಮಾತು ಸುಳ್ಳಲ್ಲ. ಒಂದೇ ವ್ಯತ್ಯಾಸ, ನಾನು ಒದೆಯುವುದಿಲ್ಲ. ಅದಕ್ಕಾದರೂ ಅವರು ದೇವರ ಮನೆಗೆ ಹೋಗಿ ಒಂದು ನಮಸ್ಕಾರ ಹಾಕಿ ಬರಬಹುದಿತ್ತು.